ರೇಡಿಯೋ ನಡೆಸುವ ಕಿರುವಿಮಾನ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೈಸೂರಿನ ಗಂಡಭೇರುಂಡವನ್ನು ಲಾಂಛನವಾಗಿ ಧರಿಸಿದ ವಿಮಾನಪಡೆಯೊಂದು ಇಂಗ್ಲೆಂಡಿನಲ್ಲಿದ್ದಿತೆಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು. ಸಂಸ್ಥಾನವು ಯುದ್ಧಕಾರ್ಯಕ್ಕೆ ನೀಡಿದ ನೆರವಿನ ಸ್ಮರಣೆಗಾಗಿ ಬ್ರಿಟಿಷ್ ವಾಯುಪಡೆಯ 129ನೆಯ ಸ್ಕ್ವಾಡ್ರನ್ನಿಗೆ 'ಮೈಸೂರು' ಎಂಬ ಹೆಸರು ಬಂದಿತು. 1941ರ ಜೂನ್ ತಿಂಗಳಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡಿನಲ್ಲಿ ಈ ಪಡೆಯನ್ನು ಕಟ್ಟಿದರು. ಅದಕ್ಕೆ ಮೊದಲು ಕೊಟ್ಟ ವಿಮಾನ ಸ್ಪಿಟ್‌ಫೈರ್. ವಿಮಾನದ ಹುಚ್ಚು ಹಿಡಿದ ತರುಣರಿಗೆ ಇದನ್ನು ಹೇಳಿದೆವೆಂದರೆ ಮುಗಿಯಿತು, ಆ ಸ್ಪಿಟ್‌ಫೈರನ್ನೇ ಕಟ್ಟಬೇಕು, ರೇಡಿಯೋದಿಂದ ಹಾರಿಸಬೇಕು ಎಂದು ಹಟ ಹಿಡಿಯುತ್ತಾರೆ. ಆ ಹಟವನ್ನು ನಾವು ಮುರಿಯಬಯಸುವುದಿಲ್ಲ. ಅದು ಸಫಲವಾಗಬೇಕಾದರೆ ಏನೇನು ಬೇಕೆಂಬುದನ್ನು ಇಲ್ಲಿ ವಿವರಿಸುತ್ತೇವೆ. ಹಾರಿಸುವ ಬಯಲು ವಿಜಾಪುರ ಸೀಮೆಯ ಇಂಡಿ ತಾಲ್ಲೂಕಿನ ಲಚ್ಯಾಣದ ಸುತ್ತಣ ಎರೆಭೂಮಿಯೆಂದು ಇಟ್ಟುಕೊಳ್ಳೋಣ. ಏಕೆಂದರೆ, ಮುಂದೆ ತಿಳಿಯುವಂತೆ, ನೆಲದ ಗುಣವನ್ನು ಮರೆತು ವಿಮಾನವನ್ನು ಕಟ್ಟಲಾಗದು.

ಮೊದಲಿಗೆ ಒಂದು ಮಾತು. ಸ್ಪಿಟ್‌ಫೈರ್ ಯಾರೊಬ್ಬರಿಗೂ ಮೊದಲನೆಯ ವಿಮಾನವಾಗಬಾರದು. ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ 'ಪುಷ್ಪಕ್' ಎಂಬ ಎರಡಾಳಿನ ವಿಮಾನವುಂಟು. ಅದರ ರೆಕ್ಕೆ ಒಡಲಿನ ಮೇಲ್ಗಡೆ ಇರುವುದು. ಅಂಥ ವಿಮಾನ ಸ್ವಲ್ಪ ವಾಲಿದರೂ ತಾನಾಗಿ ನೆಟ್ಟಗಾಗುವ ಒಲವು ತೋರಿಸುತ್ತದೆ. ಅದರ ಮಾದರಿಯಲ್ಲಿ ಒಂದು ಋತು ಕೈ ಪಳಗಿಸಿಕೊಂಡವನು ಯುದ್ಧವಿಮಾನಕ್ಕೆ ಅರ್ಹನಾಗುತ್ತಾನೆ. ಯುದ್ಧವಿಮಾನದ ಗುಣವೇ ಬೇರೆ. ಹೇಳಿದತ್ತ ಥಟ್ಟನೆ ತಿರುಗಬೇಕೆಂದು ಅದನ್ನು ರಚಿಸಿರುತ್ತಾರೆ. ತಾನಾಗಿ ನೆಟ್ಟಗಾಗುವ ಸೌಜನ್ಯವನ್ನು ಅದರಿಂದ ಬಯಸುವಂತಿಲ್ಲ.

ರೇಡಿಯೋ ಇದನ್ನು ನಡೆಸುವ ಬಗೆ ಸರಳವಾದುದೇ. 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಧ್ವನಿಯನ್ನು ಯಾವ ಅಲೆಗಳ ಮೇಲೆ ಕಳುಹಿಸಿದರೋ ಅದೇ ಜಾತಿಯ ಅಲೆಗಳು ಇಲ್ಲಿ ಧ್ವನಿಗೆ ಬದಲಾಗಿ ಆಜ್ಞೆಯನ್ನು ಹೊರುತ್ತವೆ. ಆ ದಶಕದ ಕೊನೆಯಲ್ಲಿಯೇ ಅಮೆರಿಕದ ಗುಡ್ ಸಹೋದರರು ಹೀಗೆ ಕಿರುವಿಮಾನವನ್ನು ಹಾರಿಸಿ ತೋರಿಸಿದ್ದರು. ಇಂದಿನ ಉಪಕರಣಗಳ ಅಲೆ ಬಹಳ ಕಿರಿದು, ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು. ಕೈಯಲ್ಲಿರುವ ಪೆಟ್ಟಿಗೆಯ ಕಡ್ಡಿಯನ್ನು ನೂಕಿದರೆ, ವಿಮಾನದೊಳಗಿನ ರಿಸೀವರು ಆ ಆಜ್ಞೆಯನ್ನು ಹಿಡಿದು 'ಸರ್ವೋ' ಎಂಬ ಬೆಂಕಿಪೆಟ್ಟಿಗೆಯಷ್ಟರ ಯಂತ್ರಕ್ಕೆ ವಿದ್ಯುತ್ ಮಿಡಿತಗಳಾಗಿ ತಲುಪಿಸುತ್ತದೆ. ಮಿಡಿತದ ಅವಧಿ ಸೆಕೆಂಡಿನ ಸಾವಿರದ ಒಂದೂವರೆ ಭಾಗವಿದ್ದರೆ ಸರ್ವೋದ ತೋಳು ನಡುವೆ ನಿಲ್ಲುತ್ತದೆ. ಒಂದು ಭಾಗವಾದರೆ ಒಂದು ಪಕ್ಕಕ್ಕೆ, ಎರಡಾದರೆ ಇನ್ನೊಂದು ಪಕ್ಕಕ್ಕೆ ವಾಲುತ್ತದೆ. ಆ ತೋಳಿನಿಂದ ಹೊರಟ ತಂತಿ ರೆಕ್ಕೆಯ ಐಲೆರಾನನ್ನೋ ಬಾಲದ ಎಲಿವೇಟರನ್ನೋ ಚುಕ್ಕಾಣಿಯನ್ನೋ ಎಳೆಯುತ್ತದೆ. ಇದಿಷ್ಟನ್ನೂ ಅಂಗಡಿಯಿಂದ ತಂದು ಜೋಡಿಸಬಹುದು. ಕಷ್ಟವಿರುವುದು ಮರದಲ್ಲಿ, ಅದಕ್ಕಿಂತ ಹೆಚ್ಚಾಗಿ ಬಣ್ಣದಲ್ಲಿ.

ನಿಜವಾದ ಸ್ಪಿಟ್‌ಫೈರಿನ ರೆಕ್ಕೆಯ ಹರವು 11.23 ಮೀಟರು, ಉದ್ದ 9.12 ಮೀಟರು. ಎಂಟನೆಯ ಒಂದರ ಪ್ರಮಾಣದಲ್ಲಿ ಕಟ್ಟಿದರೆ ಹರವು ಸುಮಾರು 1.40 ಮೀಟರು, ಕಲಿಯುವವರಿಗೆ ಇದು ಹಿತವಾದ ಅಳತೆ. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಉದ್ದವು ಎಂಟನೆಯ ಒಂದಾದಾಗ ರೆಕ್ಕೆಯ ವಿಸ್ತೀರ್ಣ 64ನೆಯ ಒಂದಾಗುತ್ತದೆ, 22.48 ಚದರ ಮೀಟರಿದ್ದದ್ದು ಸುಮಾರು 0.35 ಚದರ ಮೀಟರಿಗೆ ಇಳಿಯುತ್ತದೆ. ಈ ಅಂಗೈಯಗಲದ ರೆಕ್ಕೆಯೇ ಎಲ್ಲ ಭಾರವನ್ನೂ ಹೊರಬೇಕು. ವಿಮಾನದ ಒಟ್ಟು ತೂಕ 1.8 ಕಿಲೋಗ್ರಾಮಾದರೆ ಗಂಟೆಗೆ ಸುಮಾರು 34 ಕಿಲೋಮೀಟರ್ ವೇಗಕ್ಕಿಂತ ಕೆಳಗೆ ಅದು ಗಾಳಿಯಲ್ಲಿ ನಿಲ್ಲಲಾರದು. ತೂಕ 2.4 ಕಿಲೋಗ್ರಾಮಿಗೆ ಏರಿತೆನ್ನಿ, ಆ ವೇಗ ಸುಮಾರು 40ಕ್ಕೆ ಏರುತ್ತದೆ. ಆರು ಕಿಲೋಮೀಟರ್ ಏನು ಮಹಾ ಎನಿಸಬಹುದು. ಆದರೆ ನೆಲಕ್ಕೆ ತಗಲುವ ಪೆಟ್ಟಿನ ಶಕ್ತಿ ತೂಕವನ್ನೂ ವೇಗದ ವರ್ಗವನ್ನೂ ಅನುಸರಿಸುವುದಷ್ಟೆ. ಆ ಲೆಕ್ಕದಲ್ಲಿ ಅದು ಮುಕ್ಕಾಲುಪಾಲಿಗೂ ಮಿಕ್ಕು ಹೆಚ್ಚಾಯಿತು. ಆದುದರಿಂದ ಕಟ್ಟುವವನ ಮೇಜಿನ ಮೇಲೆ ಇರತಕ್ಕ ಮುಖ್ಯ ಸಾಧನ ಗರಗಸವಲ್ಲ, ತಕ್ಕಡಿ.

ಮರವೆಂದರೆ ದಕ್ಷಿಣ ಅಮೆರಿಕದ ಬಾಲ್ಸಾ. ಹಗುರ ಮತ್ತು ಮೃದು. ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತದೆ. ಒಂದೇ ಅಳತೆಯ ಎರಡು ಹಲಗೆಗಳಲ್ಲಿ ಒಂದು ಮತ್ತೊಂದರ ಎರಡರಷ್ಟು ತೂಗಬಹುದಾದ್ದರಿಂದ ಪ್ರತಿಯೊಂದನ್ನೂ ತೂಗಿ ಅದರ ಮೇಲೆ ತೂಕವನ್ನು ಬರೆದಿಡುವುದು ಲೇಸು. ಭಾರವಾದವು ರೆಕ್ಕೆಯ ತೊಲೆಗೆ, ಹಗುರವಾದವು ಬಾಲಕ್ಕೆ. ಎಂಜಿನನ್ನೂ ರೆಕ್ಕೆಯನ್ನೂ ಹಿಡಿಯುವ ಚೌಕಟ್ಟುಗಳು ಮಾತ್ರ ಪ್ಲೈವುಡ್ಡಿನವಾಗಲಿ. ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಅದರ ಮೇಲೆ ತೊಲೆಯನ್ನಿಟ್ಟು ಪಕ್ಕೆಲುಬುಗಳನ್ನು ಒಂದೊಂದಾಗಿ ಅಂಟಿಸುವ ಕೆಲಸ ನಿಧಾನದ್ದಾದರೂ ಕಠಿಣವಾದುದಲ್ಲ; ಅದನ್ನು ಕುರಿತು ಹೆಚ್ಚು ಹೇಳುವುದಿಲ್ಲ.

ಆದರೆ ರೆಕ್ಕೆಯ ತಿರುಚನ್ನು ಹೇಳದೆ ಬಿಡಲಾಗದು. ಸ್ಪಿಟ್‌ಫೈರಿನ ರೆಕ್ಕೆ ಅಂಡಾಕೃತಿಯದು, ನೋಡಲು ಅತಿ ಸುಂದರ. ಆದರೆ ತುದಿ ಕಿರಿದಾದಷ್ಟೂ ಅದರ ಮೇಲಣ ಗಾಳಿ ಬೇಗ ಚದರುತ್ತದೆ. ವೇಗ ಕುಗ್ಗಿದಾಗ ಒಂದು ತುದಿ ಮೊದಲು ಹಿಡಿತ ಬಿಟ್ಟರೆ ವಿಮಾನವು ಸುಳಿವೇ ಕೊಡದೆ ಆ ಪಕ್ಕಕ್ಕೆ ಮಗುಚುತ್ತದೆ. ಇದನ್ನು ಬಲ್ಲ ಮೂಲ ರಚನಕಾರರು ರೆಕ್ಕೆಯನ್ನು ಬುಡದಲ್ಲಿ 2 ಡಿಗ್ರಿ ಮೇಲ್ಮುಖವಾಗಿಯೂ ತುದಿಯಲ್ಲಿ ಅರ್ಧ ಡಿಗ್ರಿ ಕೆಳಮುಖವಾಗಿಯೂ ತಿರುಚಿದ್ದರು. ಮಾದರಿಯಲ್ಲಿ ಈ ಎರಡೂವರೆ ಡಿಗ್ರಿ ತಪ್ಪದೆ ಇರಬೇಕು. ತೊಲೆಗೆ ಹಲಗೆಯನ್ನು ಹೊದಿಸುವ ಮೊದಲು ತುದಿಯ ಹಿಂದಂಚಿನ ಕೆಳಗೆ ಅಳೆದ ಚಕ್ಕೆಯನ್ನು ಇಟ್ಟರೆ ತಿರುಚು ಬರುತ್ತದೆ. ಹೊದಿಸಿದ ಮೇಲೆ ಎಷ್ಟು ಹೆಣಗಿದರೂ ಬಾರದು. ಎರಡು ರೆಕ್ಕೆಗಳಲ್ಲಿಯೂ ಅದು ಸಮನಾಗಿರಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ತೂಕದ ಸಮತೋಲ. ಸ್ಪಿಟ್‌ಫೈರಿನ ಮೂಗು ಮಾದರಿಯ ಮಟ್ಟಿಗೆ ಗಿಡ್ಡ, ಬಾಲ ಉದ್ದ. ಮೂಲ ವಿಮಾನದಲ್ಲಿ ಮೂಗಿನಲ್ಲಿ ಕುಳಿತಿದ್ದ ಭಾರಿ ಮರ್ಲಿನ್ ಎಂಜಿನು ಬಾಲವನ್ನು ತೂಗುತ್ತಿತ್ತು. ನಮ್ಮಲ್ಲಿ ಆ ಜಾಗದಲ್ಲಿರುವುದು ಮುಷ್ಟಿಗಿಂತ ಚಿಕ್ಕದಾದ ವಿದ್ಯುತ್ ಮೋಟಾರು. ವಿಮಾನವನ್ನು ರೆಕ್ಕೆಯ ಕೆಳಗೆ ಎರಡು ಬೆರಳಿನಿಂದ ಎತ್ತಿದಾಗ, ರೆಕ್ಕೆಯ ಸರಾಸರಿ ಅಗಲದ ಸುಮಾರು ಕಾಲುಭಾಗದಲ್ಲಿ ಅದು ಸಮವಾಗಿ ನಿಲ್ಲಬೇಕು. ನಿಲ್ಲದೆ ಬಾಲ ಇಳಿದರೆ ಮೂಗಿಗೆ ಸೀಸ ತುಂಬಬೇಕು. ಬಾಲದ ದೂರ ಮೂಗಿನ ದೂರದ ಎರಡರಷ್ಟಕ್ಕೂ ಮಿಕ್ಕಿರುವುದರಿಂದ, ಬಾಲದಲ್ಲಿ 10 ಗ್ರಾಂ ಹೆಚ್ಚಾದರೆ ಮೂಗಿಗೆ 20 ಗ್ರಾಮಿಗಿಂತ ಅಧಿಕ ಸೀಸ ಬೇಕು. ಹೀಗೆ ಬಾಲದ ಒಂದು ಗ್ರಾಮಿಗೆ ವಿಮಾನ ಮೂರು ಗ್ರಾಮಿನ ದಂಡ ತೆರುತ್ತದೆ. ಸಾಲದ ಬಡ್ಡಿಗೆ ಹೆದರುವ ನಮ್ಮ ಜನ ಈ ಬಡ್ಡಿಗೂ ಹೆದರಬೇಕು.

ಬಣ್ಣದ ಮಾತು ಈಗ ಬರುತ್ತದೆ. ಕಟ್ಟುವಾಗ ಗ್ರಾಂ ಗ್ರಾಂ ಉಳಿಸಿದವನೇ ಬಣ್ಣ ಹಚ್ಚುವಾಗ ಉದಾರಿಯಾಗುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ವಿಮಾನದ ಒಟ್ಟು ಹೊರಮೈ ಹೆಚ್ಚುಕಡಮೆ 1.2 ಚದರ ಮೀಟರಾಗುತ್ತದೆ. ಕುಂಚದಿಂದ ಬಳಿದ ಬಣ್ಣ ಒಣಗಿದ ಮೇಲೆ ಚದರ ಮೀಟರಿಗೆ 40 ಗ್ರಾಮಿನಂತೆ ಉಳಿಯಿತೆಂದು ಇಟ್ಟುಕೊಂಡರೂ, ಮೂರು ಸಲ ಬಳಿದರೆ ಸುಮಾರು 145 ಗ್ರಾಂ. ಅದರಲ್ಲಿ ಬಾಲದ ಪಾಲಿಗೆ ಬಡ್ಡಿ ಬೇರೆ. ಆದುದರಿಂದ ಅಂದ ಬರಬೇಕಾದುದು ಬಣ್ಣದ ದಪ್ಪದಿಂದಲ್ಲ, ಅದರ ಅಡಿಯ ಮೈಯಿಂದ. ಮರವನ್ನು ಮೊದಲು ಒರಟು, ಬಳಿಕ ನಯವಾದ ಉಪ್ಪುಕಾಗದದಿಂದ ಉಜ್ಜಿ, ತಗ್ಗುಗಳನ್ನು ಹಗುರವಾದ ಲಾಂಬಿಯಿಂದ ತುಂಬಿ ಪುನಃ ಉಜ್ಜಬೇಕು. ಅದರ ಮೇಲೆ ಚದರ ಮೀಟರಿಗೆ 25 ಗ್ರಾಂ ತೂಗುವ ತೆಳುವಾದ ಗಾಜಿನೆಳೆಯ ಬಟ್ಟೆಯನ್ನು ಹಾಸಿ ರಾಳವನ್ನು ಬಳಿದು, ಹೆಚ್ಚಾದುದನ್ನು ಕಾಗದದಿಂದ ಒತ್ತಿ ತೆಗೆಯಬೇಕು. ಬಟ್ಟೆ ಒದ್ದೆಯಾಗಿ ಕಾಣಬೇಕೇ ಹೊರತು ತೇಲಬಾರದು. ಅದರ ಮೇಲೆ ಮೊದಲ ಪದರದ ಬೂದುಬಣ್ಣವನ್ನು ಹಚ್ಚಿ, ಅದರ ಬಹುಭಾಗವನ್ನು ಉಜ್ಜಿಯೇ ತೆಗೆದುಬಿಡಬೇಕು; ಉಳಿಯಬೇಕಾದುದು ಬಟ್ಟೆಯ ನೇಯ್ಗೆಯ ರಂಧ್ರಗಳಲ್ಲಿ ಸೇರಿಕೊಂಡದ್ದು ಮಾತ್ರ. ಹಚ್ಚಿದ್ದನ್ನು ತೆಗೆಯುವುದೆಂದರೆ ಕಲಿಯುವವನ ಕೈ ಏಳುವುದಿಲ್ಲ. ಆದರೂ ಆ ಕೆಲಸವೇ ಮೈಯನ್ನು ಹದಗೊಳಿಸುವುದು.

ಕಡೆಯ ಬಣ್ಣವನ್ನು ಯಂತ್ರದಿಂದ ತುಂತುರಾಗಿ ಸಿಂಪಡಿಸುವುದೇ ಸರಿ. 129ನೆಯ ಪಡೆಯ ವಿಮಾನವನ್ನು ಮಾಡುವವರು ವರ್ಷವನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. 1941ರ ಆಗಸ್ಟಿನವರೆಗೆ ಬ್ರಿಟಿಷ್ ಯುದ್ಧವಿಮಾನಗಳ ಬೆನ್ನು ಕಡುಹಸುರು ಮತ್ತು ಮಣ್ಣಿನ ಕಂದು. ಆಮೇಲೆ ಕಂದಿನ ಜಾಗದಲ್ಲಿ ಸಮುದ್ರದ ಬೂದುಬಣ್ಣ ಬಂದಿತು, ಹೊಟ್ಟೆಯೂ ತಿಳಿಬೂದಿಯಾಯಿತು. ಪಡೆಯ ಗುರುತಿನ ಅಕ್ಷರಗಳು ಡಿ ಮತ್ತು ವಿ. ಹೊಳಪು ಇರಕೂಡದು, ಯುದ್ಧವಿಮಾನ ಹೊಳೆದರೆ ಶತ್ರುವಿಗೆ ದೂರದಿಂದ ಕಾಣುವುದಷ್ಟೆ. ಗಂಡಭೇರುಂಡವನ್ನು ರೆಕ್ಕೆಯಗಲಕ್ಕೆ ಬಿಡಿಸಬೇಕೆಂದು ನಮ್ಮ ತರುಣರಿಗೆ ಆಸೆ. ಅದು ಪಡೆಯ ಲಾಂಛನ, ಜಾಹೀರಾತಲ್ಲ, ಚಿಕ್ಕದಾಗಿದ್ದರೇ ಘನತೆ. ಆ ವಿಮಾನಗಳಲ್ಲಿ ಕುಳಿತು ಹೋಗಿ ಹಿಂದಿರುಗದವರೂ ಇದ್ದರೆಂಬ ನೆನಪು ಬಣ್ಣ ಹಚ್ಚುವಾಗ ಇದ್ದರೆ ಒಳ್ಳೆಯದು.

ಈಗ ಲಚ್ಯಾಣದ ಹೊಲಕ್ಕೆ ಬರೋಣ. ಹಿಂಗಾರಿ ಜೋಳದ ಕೊಯ್ಲಾದ ಮೇಲೆ ಅಲ್ಲಿ ಮೈಲಿಗಟ್ಟಲೆ ಬಯಲು. ಹಾರಿಸುವವನಿಗೆ ಇದಕ್ಕಿಂತ ಭಾಗ್ಯವಿಲ್ಲ. ಆದರೆ ಎರೆಯ ನೆಲ ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುತ್ತದೆ, ಕೊಯ್ದ ಜೋಳದ ಕೂಳೆ ಈಟಿಯಂತೆ ನಿಂತಿರುತ್ತದೆ. ಸ್ಪಿಟ್‌ಫೈರಿನ ಗಾಲಿಗಳು ಒಂದಕ್ಕೊಂದು ಹತ್ತಿರ. ಇಂಥ ನೆಲದಲ್ಲಿ ಗಾಲಿ ಬಿರುಕಿಗೆ ಸಿಕ್ಕರೆ ಮೂಗು ಮಣ್ಣು ಕಚ್ಚುವುದೇ ಸೈ. ಆದುದರಿಂದ ನಮ್ಮ ಸಲಹೆ, ಗಾಲಿಗಳನ್ನೇ ಬಿಟ್ಟುಬಿಡಿ. ಗೆಳೆಯನೊಬ್ಬನು ಕೈಯಿಂದ ಎಸೆದು ಹಾರಿಸಲಿ, ಹೊಟ್ಟೆಯ ಮೇಲೆ ಇಳಿಸೋಣ. ಹಾರುವಾಗ ನಿಜವಾದ ವಿಮಾನದ ಗಾಲಿಗಳೂ ಒಳಗೆ ಮಡಚಿಕೊಂಡೇ ಇರುತ್ತಿದ್ದುವು. ರೂಪಕ್ಕೆ ಕೊರತೆಯಿಲ್ಲ, ತೂಕವೂ ಉಳಿಯಿತು. ಹೊಟ್ಟೆಗೆ ಮಾತ್ರ ಬಟ್ಟೆಯ ಇನ್ನೊಂದು ಪದರವಿರಲಿ.

ರೈಲುಹಾದಿಗೂ ವಿದ್ಯುತ್ ತಂತಿಗೂ ನಿಂಬೆಯ ತೋಟಗಳಲ್ಲಿ ದುಡಿಯುವ ಜನಕ್ಕೂ ದೂರವಾದ ಜಾಗವನ್ನು ಆರಿಸಬೇಕು, ಹೊಲದ ಒಡೆಯನನ್ನು ಕೇಳಿಯೇ ಇಳಿಯಬೇಕು. 2021ರ ಡ್ರೋನ್ ನಿಯಮಗಳು ಬಂದ ಮೇಲೆ ಸರ್ಕಾರದ ವಾಯುಪ್ರದೇಶದ ನಕ್ಷೆಯಲ್ಲಿ ಆ ಸ್ಥಳ ಹಸುರು ವಲಯದಲ್ಲಿದೆಯೇ ಎಂದು ನೋಡಿಕೊಳ್ಳುವುದೂ ಹಾರಿಸುವವನ ಹೊಣೆ. ಹಸುರು ವಲಯದಲ್ಲಿಯೂ ಎತ್ತರದ ಮಿತಿ 120 ಮೀಟರು, ವಿಮಾನ ಸದಾ ಕಣ್ಣಿಗೆ ಕಾಣುತ್ತಿರಬೇಕು. ಹಾರಾಟ ನಸುಕಿನಲ್ಲಿಯೇ ಆಗಲಿ. ಹೊತ್ತೇರಿದಂತೆ ಕರಿಯ ನೆಲ ಕಾದು ಬಿಸಿಗಾಳಿ ಬುಗ್ಗೆಯಂತೆ ಏಳುತ್ತದೆ. ಕಾದ ಗಾಳಿ ತೆಳುವಾದುದರಿಂದ ರೆಕ್ಕೆಗೆ ಆಧಾರವೂ ಕಡಮೆ. ಲಿಥಿಯಂ ಬ್ಯಾಟರಿಯನ್ನು ಬಿಸಿಲಿನಲ್ಲಿಯೋ ಮುಚ್ಚಿದ ಮೋಟಾರುಗಾಡಿಯಲ್ಲಿಯೋ ಇಡಕೂಡದು, ಹೊತ್ತಿಕೊಳ್ಳುವ ಭಯವುಂಟು.

ಎಸೆಯುವ ಮೊದಲಿನ ಪರೀಕ್ಷೆಗಳು ಕೆಲವುಂಟು. ಸಂಕೇತ ಕಡಿದರೆ ಮೋಟಾರು ತಾನಾಗಿ ನಿಲ್ಲುವುದೇ? ಪೆಟ್ಟಿಗೆಯ ಶಕ್ತಿಯನ್ನು ತಗ್ಗಿಸಿಕೊಂಡು ಮೂವತ್ತು ಹೆಜ್ಜೆ ದೂರ ನಡೆದರೂ ಆಜ್ಞೆ ತಲುಪುವುದೇ? ಎಲ್ಲಕ್ಕಿಂತ ಮುಖ್ಯವಾಗಿ, ಕಡ್ಡಿಯನ್ನು ಬಲಕ್ಕೆ ನೂಕಿದಾಗ ಬಲರೆಕ್ಕೆಯ ಐಲೆರಾನು ಮೇಲಕ್ಕೇ ಏಳುವುದೇ? ಸರ್ವೋದ ತಂತಿ ತಿರುವುಮುರುವಾಗಿದ್ದರೆ ಒಂದು ಚಳಿಗಾಲದ ಕೆಲಸವೆಲ್ಲ ಎರಡು ಸೆಕೆಂಡಿನಲ್ಲಿ ಮಣ್ಣಾಗುತ್ತದೆ. ಎಸೆಯುವವನು ಪ್ರೊಪೆಲ್ಲರಿನ ಹಿಂದೆ ನಿಂತು, ಗಾಳಿಗೆ ಎದುರಾಗಿ, ಮೂಗನ್ನು ಮೇಲೆತ್ತದೆ ಸಮವಾಗಿ ತಳ್ಳಬೇಕು. ಹಾರಿಸುವವನು ವೇಗ ಕೂಡುವವರೆಗೆ ತಿರುಗಿಸಲು ಹೋಗಬಾರದು. ಮೇಲೇರಿದ ಮೇಲೆ, ಇಳಿಸುವ ಆತುರಕ್ಕೆ ಮೊದಲು, ಎತ್ತರದಲ್ಲಿಯೇ ಮೋಟಾರನ್ನು ತಗ್ಗಿಸಿ ವಿಮಾನ ಯಾವ ವೇಗದಲ್ಲಿ ತಲೆದೂಗುತ್ತದೆಂದು ನೋಡಿಕೊಂಡರೆ ಇಳಿಸುವಾಗ ಅದಕ್ಕಿಂತ ಬೇಗವಾಗಿ ತರಲು ಬರುತ್ತದೆ. ಇಳಿದ ಕೂಡಲೆ ಬ್ಯಾಟರಿಯನ್ನು ಬಿಚ್ಚಿ, ಹೊಟ್ಟೆಯಲ್ಲಿ ಕೂಳೆ ಚುಚ್ಚಿದ ಕಡೆಗಳನ್ನು ಸೀಸದ ಕಡ್ಡಿಯಿಂದ ಗುರುತಿಸಿಟ್ಟುಕೊಳ್ಳಬೇಕು. ಎರೆಮಣ್ಣಿನ ದೂಳು ಸರ್ವೋಗಳೊಳಗೆ ಸೇರುವುದರಿಂದ ಮೃದುವಾದ ಕುಂಚದಿಂದ ಅದನ್ನು ಅಲ್ಲಿಯೇ ಕೊಡವಿ, ಮನೆಗೆ ಬಂದ ಮೇಲೆ ತಕ್ಕಡಿಯಲ್ಲಿ ಮತ್ತೊಮ್ಮೆ ತೂಗತಕ್ಕದ್ದು.