ಗೋಪಾಲಸ್ವಾಮಿಬೆಟ್ಟದ ಸೀಮೆಯ ಹೆಸರುಗಳೂ ಹಾದಿಗಳೂ

ಗುಂಡ್ಲುಪೇಟೆಯಿಂದ ತೆಂಕಲಾಗಿ ಎರಡು ಹೆದ್ದಾರಿಗಳು ಹೊರಡುತ್ತವೆ. ಒಂದು ಹಂಗಳ, ಬಂಡೀಪುರಗಳ ಮೇಲೆ ಉದಕಮಂಡಲಕ್ಕೆ ಹೋಗುವುದು. ಇನ್ನೊಂದು ಮದ್ದೂರಿನ ಮೇಲೆ ಕಾಡನ್ನು ಹೊಕ್ಕು, ಮೂಲೆಹೊಳೆಯನ್ನು ದಾಟಿ ವಯನಾಡಿನ ಸುಲ್ತಾನ್ ಬತ್ತೇರಿಯನ್ನು ಸೇರುವುದು. ಈ ಎರಡು ದಾರಿಗಳ ನಡುವೆ 1454 ಮೀಟರು ಎತ್ತರಕ್ಕೆ ಎದ್ದು ನಿಂತಿರುವುದೇ ಹಿಮವದ್ಗೋಪಾಲಸ್ವಾಮಿಬೆಟ್ಟ. ಬಂಡೀಪುರದ ಅರಣ್ಯದಲ್ಲಿ ಇದಕ್ಕಿಂತ ಎತ್ತರವಾದ ಶಿಖರವಿಲ್ಲ. ಶಾಸನಗಳಲ್ಲಿಯೂ ಸ್ಥಳಮಾಹಾತ್ಮ್ಯಗಳಲ್ಲಿಯೂ ಈ ಸೀಮೆಯ ಬೆಟ್ಟ, ಕೊಳ, ದಾರಿಗಳು ಮತ್ತೆ ಮತ್ತೆ ಬರುತ್ತವೆ. ಅವುಗಳನ್ನು ಓದುವವರೂ ಓದಿಸುವವರೂ ಆ ಹೆಸರುಗಳನ್ನು ಬರಿಯ ಶಬ್ದಗಳೆಂದು ಎಣಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಆದರೆ ನೆಲಗುರುತಿನ ಹೆಸರೆಂಬುದು ನಡೆದವರ ಕಣ್ಣಿನಲ್ಲಿ ಹುಟ್ಟಿ, ನಡೆಯುವವರ ನಾಲಗೆಯಲ್ಲಿ ಉಳಿಯತಕ್ಕುದು. ನಡೆಗೆ ನಿಂತರೆ ಹೆಸರೂ ಅಳಿಯುವುದು. ಈ ಸೀಮೆಯಲ್ಲಿ ಅದು ಹೇಗೆ ಉಂಟಾಯಿತು, ಈಗ ಹೇಗೆ ಅಳಿವಿನ ಅಂಚಿಗೆ ಬಂದಿದೆ ಎಂಬುದೇ ಪ್ರಕೃತ ವಿಚಾರ.

1. ಬೆಟ್ಟದ ಸ್ವರೂಪ

ತಪ್ಪಲಿನಲ್ಲಿರುವುದು ಎಲೆಯುದುರುವ ಒಣಗಾಡು. ದಿಂಡಿಗ, ಮತ್ತಿ, ತೇಗ, ಹೊನ್ನೆ, ನೆಲ್ಲಿಗಳು ಇಲ್ಲಿಯ ಮರಗಳು. ಮೇಲೇರಿದಂತೆ ಮರಗಳು ವಿರಳವಾಗಿ, ನೆತ್ತಿಯ ಇಳುಕಲುಗಳೆಲ್ಲ ಹುಲ್ಲಿನಿಂದ ಮುಚ್ಚಿರುತ್ತವೆ. ನೀರು ಒಸರುವ ಕಣಿವೆಯ ಮಡಿಲುಗಳಲ್ಲಿ ಮಾತ್ರ ಗಿಡ್ಡನಾದ, ಒತ್ತಾದ, ಸದಾ ಹಸುರಾದ ಮರಗಳ ಗುಂಪುಗಳು ಕಾಣುವುವು. ಇವುಗಳನ್ನೇ ಇಂದಿನ ಸಸ್ಯಶಾಸ್ತ್ರಜ್ಞರು ತಮಿಳಿನ ‘ಚೋಲೈ’ ಶಬ್ದದಿಂದ ಬಂದ ‘ಶೋಲಾ’ ಎಂಬ ಹೆಸರಿನಿಂದ ಕರೆಯುತ್ತಾರೆ. ಗಾಳಿಯ ಹೊಡೆತ, ಮಣ್ಣಿನ ತೆಳುವು, ಆಗಾಗ ಹಾಯುವ ಬೆಂಕಿ, ಇವೆಲ್ಲ ಸೇರಿ ಇಳುಕಲನ್ನು ಹುಲ್ಲಿಗೂ ಮಡಿಲನ್ನು ಮರಕ್ಕೂ ಹಂಚಿಕೊಟ್ಟಿವೆ. ಬೆಂಕಿ ಹಾಯ್ದ ಹುಲ್ಲು ಮುಂಗಾರಿನ ಮೊದಲ ಮಳೆಗೇ ಚಿಗುರುವುದು; ಬೆಂದ ಶೋಲೆಯು ಮರಳಿ ಬರಲು ತಲೆಮಾರುಗಳು ಬೇಕು. 2019ರ ಫೆಬ್ರವರಿಯ ಕಾಳ್ಗಿಚ್ಚು ಈ ಬೆಟ್ಟದ ಇಳುಕಲುಗಳನ್ನು ಸುಟ್ಟಾಗ ಈ ಭೇದವು ಕಣ್ಣಿಗೆ ಕಾಣುವಂತಾಯಿತು.

ಪಡುವಣ ಕಡಲಿನಿಂದ ಬರುವ ತೇವದ ಗಾಳಿಯು ವಯನಾಡಿನ ಮೇಲೆ ಮಳೆಯನ್ನು ಸುರಿಸಿ, ಉಳಿದ ತೇವದೊಡನೆ ಈ ಕಡೆಗೆ ಹಾಯುತ್ತದೆ. ಬೆಟ್ಟಕ್ಕೆ ತಗುಲಿ ಮೇಲೇರುವಾಗ ತಣಿದು ಮಂಜಾಗುವುದು. ಕೆಳಗಿನ ಬಯಲಿನಲ್ಲಿ ಬಿಸಿಲಿರುವಾಗಲೂ ಶಿಖರದಲ್ಲಿ ಮಂಜು ಕವಿದಿರುವುದಕ್ಕೆ ಇದೇ ಕಾರಣ.

2. ಹೆಸರುಗಳ ಸ್ತರಗಳು

ಬೆಟ್ಟದ ಹೆಸರಿನಲ್ಲಿಯೇ ಈ ಮಂಜು ಸೇರಿಕೊಂಡಿದೆ. ‘ಹಿಮ’ ಶಬ್ದಕ್ಕೆ ಮತುಪ್ ಪ್ರತ್ಯಯವು ಬಂದು, ಅಕಾರದ ಪರದಲ್ಲಿ ಅದರ ಮಕಾರಕ್ಕೆ ವಕಾರಾದೇಶವಾಗಿ, ‘ಹಿಮವತ್’ ಎಂದಾಗುತ್ತದೆ. ಮುಂದೆ ‘ಗೋಪಾಲ’ ಶಬ್ದವು ಬರಲು ತಕಾರಕ್ಕೆ ಜಶ್ತ್ವವುಂಟಾಗಿ ‘ಹಿಮವದ್ಗೋಪಾಲ’ ಎಂಬ ರೂಪವು ಸಿದ್ಧಿಸುವುದು. ಈ ಶಿಖರದಲ್ಲಿ ಹಿಮಪಾತವಿಲ್ಲದಿರುವಾಗ ಈ ಹೆಸರು ಸಲ್ಲುವುದೆಂತು ಎಂದು ಯಾರಾದರೂ ಆಕ್ಷೇಪಿಸಬಹುದು. ಅಮರಸಿಂಹನು ನೀಹಾರ, ತುಷಾರ, ಹಿಮ ಶಬ್ದಗಳನ್ನು ಒಂದೇ ಗುಂಪಿನಲ್ಲಿ ಪರ್ಯಾಯಗಳಾಗಿ ಇಟ್ಟಿದ್ದಾನೆ. ನೀಹಾರವೆಂದರೆ ಮಂಜೇ ಅಲ್ಲವೆ? ಕನ್ನಡಿಗರ ಮಾತಿನಲ್ಲಿಯೂ ‘ಹಿಮ’ವು ಮಂಜಿನ ಅರ್ಥವನ್ನು ಪಡೆದಿದೆ. ಆದುದರಿಂದ ಹೆಸರು ಯುಕ್ತವಾಗಿಯೇ ಇದೆ. ಗರ್ಭಗುಡಿಯಲ್ಲಿ ಕೊಳಲೂದುವ ಗೋಪಾಲನ ಮೇಲೆ ಸದಾ ತಂಪಿನ ಹನಿಯಿರುವುದೆಂಬ ಭಕ್ತರ ನಂಬಿಕೆಯೂ ಇದಕ್ಕೆ ಒತ್ತಾಸೆಯಾಗಿದೆ.

ಪುರಾಣದ ಕಡೆಯವರು ಈ ಬೆಟ್ಟವನ್ನು ಕಮಲಾಚಲವೆಂದು ಕರೆದರು. ಚಿಕದೇವರಾಜ ಒಡೆಯರ ಮಂತ್ರಿಯಾಗಿದ್ದ ಚಿಕುಪಾಧ್ಯಾಯನು ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ‘ಕಮಲಾಚಲ ಮಾಹಾತ್ಮ್ಯ’ವೆಂಬ ಗ್ರಂಥವನ್ನೇ ರಚಿಸಿದನು. ಚಿಕದೇವರಾಜನು 1673ರಲ್ಲಿ ಪಟ್ಟವೇರುವುದಕ್ಕೆ ಮುಂಚೆ ಬೆಟ್ಟದ ಬಳಿಯ ಹಂಗಳದಲ್ಲಿ ಇರಿಸಲ್ಪಟ್ಟಿದ್ದನೆಂಬುದನ್ನು ನೆನೆದರೆ, ಅರಮನೆಯ ಸಾಹಿತ್ಯದಲ್ಲಿ ಈ ಕಾಡುಬೆಟ್ಟಕ್ಕೆ ದೊರೆತ ಗೌರವವು ಆಶ್ಚರ್ಯಕರವಲ್ಲ. ದೊರೆಯು ಎಳೆತನದಲ್ಲಿ ಕಂಡ ಶಿಖರವೇ ಕವಿಗೆ ವಸ್ತುವಾಯಿತು.

ಕೊಳಗಳ ಹೆಸರುಗಳಲ್ಲಿ ಈ ಎರಡು ಸ್ತರಗಳೂ ಒಟ್ಟಿಗೆ ಕಾಣಬರುತ್ತವೆ. ಶಂಖ, ಚಕ್ರ, ಗದಾ, ಪದ್ಮ ಮೊದಲಾದ ತೀರ್ಥಗಳು ವಿಷ್ಣುವಿನ ಆಯುಧಲಾಂಛನಗಳಿಂದ ಹೆಸರನ್ನು ಪಡೆದಿವೆ. ಹಂಸತೀರ್ಥದಲ್ಲಿ ಮುಳುಗಿದ ಕಾಗೆಯು ಹಂಸವಾಯಿತೆಂದೂ, ಅಂದಿನಿಂದ ಈ ಬೆಟ್ಟದಲ್ಲಿ ಕಾಗೆಗಳೇ ಇಲ್ಲವೆಂದೂ ಐತಿಹ್ಯವಿದೆ. ಇವುಗಳ ಸಾಲಿನಲ್ಲಿಯೇ ‘ತೊಟ್ಟಿಲು ಕೊಳ’ವೆಂಬ ಅಚ್ಚಕನ್ನಡದ ಹೆಸರೊಂದು ಸಂಸ್ಕೃತದ ವೇಷವನ್ನು ತೊಡದೆ ನಿಂತಿರುವುದು ಗಮನಾರ್ಹವಾಗಿದೆ. ಚಾಮರಾಜನಗರ ಜಿಲ್ಲೆಯಲ್ಲಿಯೇ ಬಿಳಿಗಿರಿಯು ಶ್ವೇತಾದ್ರಿಯಾದುದನ್ನು ಇಲ್ಲಿ ಹೋಲಿಸಬಹುದು. ಆಂಗ್ಲದೇಶದ ನೈರುತ್ಯದಲ್ಲಿ ಡಾರ್ಟ್‌ಮೂರ್ ಎಂಬ, ಮಂಜು ಕವಿಯುವ ಬೋಳು ಬಯಲೊಂದಿದೆ. ಅಲ್ಲಿಯ ಬಂಡೆನೆತ್ತಿಗಳಿಗಿರುವ ‘ಟಾರ್’ ಎಂಬ ಹೆಸರು ಇಂಗ್ಲಿಷಿಗಿಂತ ಹಿಂದಿನ ಕೆಲ್ಟಿಕ್ ಭಾಷೆಯದೆಂದು ಅಲ್ಲಿಯ ಪಂಡಿತರು ಎಣಿಸುತ್ತಾರೆ. ಆಳುವವರ ನುಡಿ ಬದಲಾದರೂ ನೆಲಗುರುತು ಹಳೆಯ ನುಡಿಯನ್ನೇ ಕಾಪಾಡಿಕೊಳ್ಳುವುದೆಂಬುದಕ್ಕೆ ಎರಡು ದೇಶಗಳೂ ಸಾಕ್ಷಿ.

3. ದಾರಿಗಳ ಚರಿತ್ರೆ

ಹಿಂದೆ ಅರಿಕುಠಾರವೆನಿಸಿದ್ದ ಇಂದಿನ ಚಾಮರಾಜನಗರದ ಬಸದಿಯಲ್ಲಿ ಕ್ರಿ. ಶ. 1117ರ ಶಾಸನವೊಂದಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ತೋದರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡನೆಂದು ಅದು ತಿಳಿಸುತ್ತದೆ. ನೀಲಗಿರಿಯ ಚರಿತ್ರೆಗೆ ಅತಿಮುಖ್ಯವಾದ ಈ ಶಾಸನವನ್ನು ಬರಿದೆ ಓದಿದರೆ ಒಂದು ಬಿರುದಿನ ವರ್ಣನೆಯೆಂದು ತೋರಬಹುದು. ಗೋಪಾಲಸ್ವಾಮಿಬೆಟ್ಟದ ನೆತ್ತಿಯಲ್ಲಿ, ಮಂಜು ಸರಿದ ದಿನ, ತೆಂಕಲಿಗೆ ತಿರುಗಿ ನಿಂತವನಿಗೆ ಮೋಯಾರು ಹೊಳೆಯ ಕಮರಿಯ ಆಚೆಗೆ ನೀಲಗಿರಿಯು ಗೋಡೆಯಂತೆ ಕಾಣುವುದು. ಆ ಶಾಸನವನ್ನು ಬರೆಯಿಸಿದವರಿಗೆ ನೀಲಾದ್ರಿಯು ದೂರದ ಪುರಾಣಪರ್ವತವಾಗಿರಲಿಲ್ಲ. ದಿನವೂ ಕಾಣುವ ಎಲ್ಲೆಯಾಗಿದ್ದಿತು.

ಎರಡು ಶತಮಾನಗಳ ತರುವಾಯ ಮೂರನೆಯ ಬಲ್ಲಾಳನ ಕಾಲದಲ್ಲಿ ತೆರಕಣಾಂಬಿಯಿಂದ ಈ ಸೀಮೆಯನ್ನು ಆಳುತ್ತಿದ್ದ ಮಾಧವ ದಂಡನಾಯಕನು 1315ರಲ್ಲಿ ಬೆಟ್ಟದ ಮೇಲೆ ಗೋಪಾಲಸ್ವಾಮಿಯ ದೇವಾಲಯವನ್ನು ಕಟ್ಟಿಸಿದನು. ಇವನ ತಂದೆ ಪೆರುಮಾಳ ದಂಡನಾಯಕನು. ನೀಲಗಿರಿಯನ್ನು ಗೆದ್ದವರೆಂಬರ್ಥದ ಬಿರುದು ಈ ವಂಶದವರಿಗಿದ್ದಿತು. ಬೆಟ್ಟದಕೋಟೆಯನ್ನೂ ನವದಣ್ಣಾಯಕರನ್ನೂ ಕುರಿತ ಸ್ಥಳೀಯ ಐತಿಹ್ಯವು ಇವರ ನೆನಪನ್ನೇ ಹೊತ್ತಿರುವಂತೆ ತೋರುತ್ತದೆ. ಶಿಖರದಲ್ಲಿ ದೇವರನ್ನು ನಿಲ್ಲಿಸಿದವನು ಅದರ ಎರಡು ಮಗ್ಗುಲಿನ ದಾರಿಗಳನ್ನೂ ಕಾಯಬೇಕಾಗಿದ್ದ ದಂಡನಾಯಕನೆಂಬುದನ್ನು ಮರೆಯಲಾಗದು.

ಮದ್ದೂರಿನ ಮೇಲಿನ ದಾರಿಯು ವಯನಾಡಿಗೂ ಕನ್ನಡನಾಡಿಗೂ ಇದ್ದ ಬಾಗಿಲು. ಸುಲ್ತಾನ್ ಬತ್ತೇರಿಯಲ್ಲಿ ಇಂದಿಗೂ ನಿಂತಿರುವ ಕಲ್ಲಿನ ಜೈನಬಸದಿಯು ಕನ್ನಡದ ಜೈನರು ಈ ಕಡೆಯಿಂದ ಅಲ್ಲಿಗೆ ಹೋಗಿ ನೆಲಸಿದುದಕ್ಕೆ ಗುರುತು. ಹಿಂದೆ ಗಣಪತಿವಟ್ಟವೆನಿಸಿದ್ದ ಆ ಊರಿಗೆ ಟಿಪ್ಪುಸುಲ್ತಾನನ ಬತ್ತೇರಿಯಿಂದ ಈಗಿನ ಹೆಸರು ಬಂದಿತು. ನಡುವಿನ ಗಡಿಯ ಹೊಳೆಗೆ ‘ಮೂಲೆಹೊಳೆ’ಯೆಂಬ ಹೆಸರು. ಅದನ್ನು ಕೇಳಿದೊಡನೆಯೇ ನಡೆದು ಬಂದವನಿಗೆ ತಾನು ನಾಡಿನ ಮೂಲೆಯನ್ನು ಮುಟ್ಟಿದೆನೆಂದು ತಿಳಿಯುತ್ತಿದ್ದಿತು.

4. ಅಳಿಯುತ್ತಿರುವ ಸ್ತರ

ಶಾಸನ, ಮಾಹಾತ್ಮ್ಯಗಳಲ್ಲಿ ಸೇರಿದ ಹೆಸರುಗಳಿಗೆ ಭಯವಿಲ್ಲ. ಇವುಗಳ ಕೆಳಗೆ ಇನ್ನೊಂದು ಸ್ತರವಿದೆ: ಪ್ರತಿಯೊಂದು ಹಳ್ಳಕ್ಕೂ, ಬಂಡೆಗೂ, ಆನೆ ಹಾಯುವ ಕಂಡಿಗೂ, ಜೇನುಗಟ್ಟುವ ಮರಕ್ಕೂ ಕಾಡಿನವರು ಇಟ್ಟ ಹೆಸರು. ಅದು ಬರೆಹಕ್ಕೆ ಬಂದಿಲ್ಲ. ಜೇನುಕುರುಬರು, ಬೆಟ್ಟಕುರುಬರು, ಸೋಲಿಗರು ಅದರ ಒಡೆಯರು.

ಈ ಅರಣ್ಯವನ್ನು 1941ರಲ್ಲಿ ಮೈಸೂರು ಮಹಾರಾಜರ ಸರ್ಕಾರವು ಬೆಟ್ಟದ ದೇವರ ಹೆಸರಿನಿಂದಲೇ ವೇಣುಗೋಪಾಲ ವನ್ಯಮೃಗಧಾಮವನ್ನಾಗಿ ಮಾಡಿತು. 1973ರಲ್ಲಿ ಬಂಡೀಪುರವು ಹುಲಿಯೋಜನೆಗೆ ಸೇರಿತು. ತರುವಾಯ ಕಾಡಿನೊಳಗಿನ ಹಾಡಿಗಳು ಅಂಚಿಗೆ ಬಂದುವು. 2009ರಿಂದ ಈ ಎರಡು ಹೆದ್ದಾರಿಗಳಲ್ಲಿಯೂ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ವಾಹನಸಂಚಾರಕ್ಕೆ ನಿಷೇಧ ಬಂದಿತು. ಬೆಟ್ಟಕ್ಕೆ ಹೋಗುವವರು ತಮ್ಮ ವಾಹನಗಳನ್ನು ತಪ್ಪಲಿನಲ್ಲಿ ಬಿಟ್ಟು ಸಾರಿಗೆಸಂಸ್ಥೆಯ ಬಸ್ಸಿನಲ್ಲಿ ಏರುತ್ತಾರೆ. ಹುಲಿ, ಆನೆಗಳ ಉಳಿವಿಗೆ ಈ ಕಟ್ಟಳೆಗಳು ಅವಶ್ಯಕವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಇವುಗಳಿಂದ ಕಾಲ್ನಡೆಯು ನಿಂತಿತು. ನಿಂತ ಜಾಡುಗಳನ್ನು ಲಂಟಾನದ ಪೊದೆಗಳು ಮುಚ್ಚಿದುವು. ಹಾಡಿಯ ಹಿರಿಯನಿಗೆ ಗೊತ್ತಿರುವ ಹಳ್ಳದ ಹೆಸರು, ಆ ಹಳ್ಳವನ್ನು ಕಾಣದೆ ಬೆಳೆದ ಮೊಮ್ಮಗನಿಗೆ ಬರುವ ಬಗೆಯೆಂತು?

ಕಾಡನ್ನು ಕಾಯುವುದಕ್ಕೂ ಹೆಸರನ್ನು ಕಾಯುವುದಕ್ಕೂ ವಿರೋಧವಿರಬೇಕಾಗಿಲ್ಲವೆಂಬುದಕ್ಕೆ ನೆರೆಯ ಬಿಳಿಗಿರಿರಂಗನಬೆಟ್ಟದಲ್ಲಿ ದೃಷ್ಟಾಂತವಿದೆ. ಅಲ್ಲಿ ಸಂಶೋಧಕರು ಸೋಲಿಗ ಹಿರಿಯರೊಡನೆ ನಡೆದು, ಅವರ ಕುಲಗಳ ಎಲ್ಲೆಗಳಲ್ಲಿರುವ 489 ಪವಿತ್ರಸ್ಥಾನಗಳನ್ನು ನಕ್ಷೆಯ ಮೇಲೆ ಗುರುತಿಸಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಸೋಲಿಗರ ಸ್ವಂತ ವಿಂಗಡಣೆಯನ್ನೇ ಅಲ್ಲಿ ಅನುಸರಿಸಲಾಯಿತು. 2011ರಲ್ಲಿ ಅದೇ ಅರಣ್ಯವು ಹುಲಿಧಾಮವಾಯಿತು; ಅದೇ ವರ್ಷ ಸೋಲಿಗರಿಗೆ ಸಮುದಾಯದ ಅರಣ್ಯಹಕ್ಕೂ ದೊರೆಯಿತು.

ಅಂತಹ ಕಾರ್ಯವು ಮದ್ದೂರು, ಹಂಗಳ, ಗೋಪಾಲಸ್ವಾಮಿಬೆಟ್ಟಗಳ ಸೀಮೆಯಲ್ಲಿ ನಡೆಯಬೇಕಾಗಿದೆ. ಅರಣ್ಯಾಧಿಕಾರಿಗಳ ಅನುಮತಿಯಿಂದ ಹಾಡಿಯ ಹಿರಿಯರನ್ನು ಮುಂದಿಟ್ಟುಕೊಂಡು ನಡೆದು, ಅವರ ಉಚ್ಚಾರಣೆಯಂತೆಯೇ ಹೆಸರನ್ನು ಬರೆದುಕೊಳ್ಳತಕ್ಕದ್ದು. ಕೇಳಿದ ಹೆಸರನ್ನು ಶುದ್ಧಗೊಳಿಸುವ ನೆಪದಿಂದ ಸಂಸ್ಕೃತಕ್ಕೆ ತಿರುಗಿಸತಕ್ಕದ್ದಲ್ಲ. ಹೇಳಿದವರ ಕುಲವನ್ನೂ ಸ್ಥಳವನ್ನೂ ಜೊತೆಗೆ ದಾಖಲಿಸತಕ್ಕದ್ದು. ಗುಂಡ್ಲುಪೇಟೆ, ಚಾಮರಾಜನಗರಗಳ ಪಾಠಶಾಲೆಗಳ ಉಪಾಧ್ಯಾಯರು ಇದರಲ್ಲಿ ಕೈಗೂಡಿಸಬಹುದು. ಹಾಡಿಯ ಮಕ್ಕಳು ಅವರ ತರಗತಿಗಳಲ್ಲಿಯೇ ಇದ್ದಾರೆ. ಕಮಲಾಚಲದ ಮಹಿಮೆಯನ್ನು ಬರೆದಿಡಲು ಅರಮನೆಯಲ್ಲಿ ಒಬ್ಬ ಚಿಕುಪಾಧ್ಯಾಯನಿದ್ದನು. ತೊಟ್ಟಿಲು ಕೊಳಕ್ಕೆ ಆ ಹೆಸರನ್ನಿಟ್ಟವರ ಮಕ್ಕಳು ಮೊಮ್ಮಕ್ಕಳು ಉಳಿದ ಹೆಸರುಗಳನ್ನು ಹೇಳಬಲ್ಲವರಾಗಿರುವಾಗಲೇ ಅವರ ಬಳಿಗೆ ಹೋಗುವುದು ವಿದ್ವಾಂಸರ ಕರ್ತವ್ಯ.