ನೋಡೋ ಬೆಳಕೇ ಕೊಂದರೆ?

ಗೋಕಾಕ, ಮೂಡಲಗಿ, ಹುಕ್ಕೇರಿಯ ಲ್ಯಾಬ್‌ಗಳಲ್ಲಿ ಮಲೇರಿಯಾ ಪತ್ತೆಗೆ ನೋಡುವ ರಕ್ತದ ಸ್ಲೈಡ್ ಒಣಗಿಸಿ, ಬಣ್ಣ ಹಾಕಿದ್ದು. ಅದರಲ್ಲಿ ಜೀವ ಇರಲ್ಲ, ಬೆಳಕಿಗೆ ಸಾಯೋ ಭಯವೂ ಇಲ್ಲ. ಸಂಶೋಧಕರು ಜೀವಂತ ಕೋಶಗಳನ್ನು ಫ್ಲೋರೊಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಕಥೆಯೇ ಬೇರೆ. ಕೋಶ ಹೊಳೆಯಲೆಂದು ಹಾಕಿದ ಬಣ್ಣ ಬೆಳಕನ್ನು ಹೀರಿ, ಸುತ್ತಲಿನ ಆಮ್ಲಜನಕವನ್ನು ಉಗ್ರರೂಪಕ್ಕೆ ತಿರುಗಿಸಬಲ್ಲದು. ಅದು ಪೊರೆ, ಪ್ರೋಟೀನ್, ಡಿಎನ್‌ಎ ಎಲ್ಲವನ್ನೂ ಕೆಡಿಸುತ್ತೆ. ನೇರಳೆ, ನೀಲಿ ಬೆಳಕು ಕೆಂಪಿಗಿಂತ ಅಪಾಯಕಾರಿ.

ಕೋಶ ಸಾಯಲೇಬೇಕಂತಿಲ್ಲ. ವಿಭಜನೆ ನಿಧಾನವಾದರೂ ಸಾಕು, ಪ್ರಯೋಗ ದಾರಿ ತಪ್ಪುತ್ತೆ. ಕ್ಯಾನ್ಸರ್ ಔಷಧಿ ಕೆಲಸ ಮಾಡ್ತು ಅಂತ ಹಿಗ್ಗುವಾಗ, ಕೊಂದದ್ದು ಲೇಸರ್ ಆಗಿರಬಹುದು! ಚಂದದ ವಿಡಿಯೋ ಕಂಡಾಗೆಲ್ಲ ನಾನು ಕೇಳೋದು ಇಷ್ಟೇ: ಔಷಧಿಯಿಲ್ಲದೆ ಅಷ್ಟೇ ಬೆಳಕು ಕಂಡ ಕೋಶಗಳು ಏನಾದವು? ಬೆಳಕಿಲ್ಲದೆ ಔಷಧಿ ಮಾತ್ರ ಕಂಡವು?