ಯಂತ್ರದ ಎಣಿಕೆ, ಅಧಿಕಾರಿಯ ಹೊಣೆ

ನಗರಾಡಳಿತದಲ್ಲಿ ಕೃತಕ ಬುದ್ಧಿಮತ್ತೆಗೆ ಎಡೆಗೊಡಬೇಕೇ ಎಂಬ ಚರ್ಚೆಗೆ ಈಗ ಕಾಲ ಮೀರಿದೆ. ಅದು ಆಗಲೇ ಪ್ರವೇಶಿಸಿದೆ. ಬೆಂಗಳೂರಿನ ಹಲವು ಕೂಡುರಸ್ತೆಗಳಲ್ಲಿ 2024ರಿಂದ ಕ್ಯಾಮೆರಾಗಳು ವಾಹನಗಳನ್ನು ಎಣಿಸುತ್ತಿವೆ. ಸಿ-ಡ್ಯಾಕ್ ಸಂಸ್ಥೆಯವರು ರಚಿಸಿದ ತಂತ್ರಾಂಶವು ಆ ಎಣಿಕೆಗೆ ತಕ್ಕಂತೆ ಹಸಿರು ದೀಪದ ಕಾಲವನ್ನು ಹೆಚ್ಚಿಸಿ ತಗ್ಗಿಸುತ್ತದೆ. ಇದು ಸ್ವಾಗತಾರ್ಹವೇ ಸರಿ. ಅಲ್ಲಿ ಯಂತ್ರವು ತಪ್ಪಿದರೆ ಪೌರನಿಗೆ ನಾಲ್ಕು ನಿಮಿಷ ನಷ್ಟ. ಪೊಲೀಸು ಪೇದೆ ಕೈಯೆತ್ತಿದರೆ ತಪ್ಪು ಸರಿಹೋಗುವುದು.

ಆದರೆ ಇಂತಹ ಯಂತ್ರವನ್ನು ರಸ್ತೆಯಿಂದ ಕಚೇರಿಗೆ ಕರೆತಂದು ಪ್ರಜೆಗಳ ಪ್ರಾಮಾಣಿಕತೆಯನ್ನು ಅಳೆಯಹಚ್ಚಿದರೆ ಆಗುವ ಅನರ್ಥವನ್ನು ನೆದರ್ಲೆಂಡ್ಸ್ ದೇಶದವರು ಉಂಡಿದ್ದಾರೆ. ಅಲ್ಲಿಯ ತೆರಿಗೆ ಇಲಾಖೆಯವರು ಶಿಶುಪಾಲನೆಯ ಸಹಾಯಧನ ಕೋರಿದವರಲ್ಲಿ ಸಂಶಯಾಸ್ಪದರನ್ನು ಆರಿಸಲು, ತಾನಾಗಿ ಕಲಿಯುವ ಗಣಕವಿಧಾನವೊಂದನ್ನು 2013ರಿಂದ ಬಳಸಿದರು. ಅರ್ಜಿದಾರರು ಡಚ್ ಪ್ರಜೆಗಳಲ್ಲವೆಂಬುದೂ ಅದಕ್ಕೊಂದು ಸಂಶಯದ ಗುರುತಾಗಿತ್ತು. ನಿಯಮಗಳೂ ನಿಷ್ಕರುಣವಾಗಿದ್ದವು; ಅಲ್ಪ ಲೋಪಕ್ಕೂ ಇಡೀ ಮೊತ್ತವನ್ನು ಹಿಂದಿರುಗಿಸಬೇಕಾಗಿತ್ತು. ಸಹಸ್ರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು. ಕಡೆಗೆ 2021ರ ಜನವರಿಯಲ್ಲಿ ಪ್ರಧಾನಿ ಮಾರ್ಕ್ ರುಟ್ಟೆಯವರ ಮಂತ್ರಿಮಂಡಲವೇ ರಾಜೀನಾಮೆ ಕೊಡಬೇಕಾಯಿತು.

ಯಂತ್ರಕ್ಕೆ ಜಾತಿಯಿಲ್ಲ, ಶಿಫಾರಸಿಗೆ ಅದು ಮಣಿಯದು, ಆದುದರಿಂದ ಅದು ನಿಷ್ಪಕ್ಷಪಾತಿ ಎಂದು ವಾದಿಸುವವರುಂಟು. ಆದರೆ ಯಂತ್ರವು ಕಲಿಯುವುದು ನಮ್ಮ ಹಳೆಯ ಕಡತಗಳಿಂದಲೇ. ಅವುಗಳಲ್ಲಿ ಅಡಗಿದ ಪಕ್ಷಪಾತವನ್ನು ಅದು ಲೆಕ್ಕದ ವೇಷದಲ್ಲಿ ಮುಂದುವರಿಸುವುದು. ಮೇಲಿನವರ ಅಪ್ಪಣೆಯೆಂದು ಜಾರಿಕೊಳ್ಳುತ್ತಿದ್ದ ಅಧಿಕಾರಿಗೆ, ಯಂತ್ರದ ಅಪ್ಪಣೆಯೆಂದು ಹೇಳುವ ಹೊಸ ಸೌಕರ್ಯವೊಂದು ದೊರೆಯುವುದು.

ಮದ್ದು ಇಲ್ಲದಿಲ್ಲ. ಬಡ ಬಡಾವಣೆಗಳವರ ದಾಖಲೆಗಳನ್ನು ಜೋಡಿಸಿ ವಂಚಕರನ್ನು ಹುಡುಕುತ್ತಿದ್ದ ಇನ್ನೊಂದು ಡಚ್ ವ್ಯವಸ್ಥೆಯ ಒಳಲೆಕ್ಕವು ಪರಿಶೀಲನೆಗೆ ಸಿಕ್ಕುವಂತಿಲ್ಲವೆಂದು, ಹೇಗ್ ನಗರದ ನ್ಯಾಯಾಲಯವು 2020ರ ಫೆಬ್ರವರಿಯಲ್ಲಿ ಅದನ್ನು ತಡೆಯಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್ ಮತ್ತು ಹೆಲ್ಸಿಂಕಿ ನಗರಗಳವರು ತಾವು ಬಳಸುವ ಗಣಕವಿಧಾನಗಳು ಯಾವುವು, ಯಾವ ಕಾರ್ಯಕ್ಕೆ, ಯಾರ ಹೊಣೆಯಲ್ಲಿ ಎಂಬುದನ್ನು ಸಾರ್ವಜನಿಕ ಪಟ್ಟಿಯಲ್ಲಿ ಪ್ರಕಟಿಸಲಾರಂಭಿಸಿದರು.

ನಮ್ಮ ನಗರಸಭೆಗಳವರೂ ಇಂತಹ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸತಕ್ಕದ್ದು. ಒಬ್ಬನ ಪಡಿತರವನ್ನಾಗಲಿ ಪಿಂಚಣಿಯನ್ನಾಗಲಿ ಮನೆಯನ್ನಾಗಲಿ ತಪ್ಪಿಸುವ ಯಾವ ಆಜ್ಞೆಯೂ, ಕಾರಣವನ್ನು ಬರೆದು ರುಜು ಹಾಕಿದ ಅಧಿಕಾರಿಯಿಲ್ಲದೆ ಹೊರಡಕೂಡದು. ಅಹವಾಲು ತಂದ ಬಡವನಿಗೆ ಉತ್ತರ ಕೊಡಬೇಕಾದವನು ಮನುಷ್ಯನೇ.